ಇಬ್ಬರಿಗೂ ಎಚ್‌ಐವಿ ಇದ್ದರೆ ವೈರಸ್‌ಗಳು ಬೆರೆತು ಹೊಸದು ಹುಟ್ಟುತ್ತದಾ?

ಪ್ರಶ್ನೆ: ನನಗೂ ನನ್ನ ಹೆಂಡತಿಗೂ ಎಚ್‌ಐವಿ ಇದೆ. ಬೆಂಗಳೂರಿನಲ್ಲೇ ಎಆರ್‌ಟಿ ಸೆಂಟರಿನಿಂದ ಆರು ವರ್ಷದಿಂದ ಮಾತ್ರೆ ತರುತ್ತಿದ್ದೇವೆ. ಇಬ್ಬರಿಗೂ ಇದ್ದ ಮೇಲೆ ಕಾಂಡೋಮ್ ಯಾಕೆ ಅಂತ ಅಲ್ಲಿ ಕೇಳಿದ್ದಕ್ಕೆ, 'ಇಬ್ಬರ ವೈರಸ್ ಬೆರೆತು ಹೊಸ ವೈರಸ್ ಆಗುತ್ತೆ' ಅಂದರು. ಅವತ್ತಿನಿಂದ ಭಯ ಹಿಡಿದಿದೆ. ಬಿ.ಎಸ್‌ಸಿ. ಓದುತ್ತಿರುವ ಮಗಳು ಅದು ನಿಜ ಅಂತಾಳೆ. ಅವಳ ಪುಸ್ತಕದಲ್ಲಿ ಎಚ್‌ಐವಿಯ ಬಗೆಗಳು ಎ, ಬಿ, ಸಿ, ಡಿ ಅಂತಿವೆ, ಆಮೇಲೆ ಒಂದೇ ಸಲ ಎಫ್. 'ಇ ಎಲ್ಲಿ ಹೋಯಿತು?' ಅಂತ ನನ್ನನ್ನೇ ಕೇಳುತ್ತಾಳೆ. ನಮ್ಮದು ಯಾವ ಬಗೆ ಅಂತ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಎಚ್‌ಐವಿಗಳು ಬೆರೆಯುವುದು ನಿಜ. ಆದರೆ ನೀವಿಬ್ಬರೂ ದಿನಾ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಆಗಿದ್ದರೆ, ನಿಮ್ಮ ಮನೆಯಲ್ಲಿ ಅದಕ್ಕೆ ದಾರಿ ಇಲ್ಲ. ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜ ಅಂತ ತಿಳಿಯಬೇಕಾದರೆ, ವೈರಸ್ ತನ್ನ ನಕಲನ್ನು ಹೇಗೆ ಮಾಡಿಕೊಳ್ಳುತ್ತದೆ ಅಂತ ನೋಡಬೇಕು. ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅವಳ ಪ್ರಶ್ನೆ ತುಂಬ ಒಳ್ಳೆಯದು.

ಎಚ್‌ಐವಿಯ ಪ್ರತಿ ಕಣದೊಳಗೆ ಅದರ ಬರಹ, ಅಂದರೆ ಆರ್‌ಎನ್‌ಎ, ಎರಡು ಪ್ರತಿ ಇರುತ್ತದೆ. ಒಂದೊಂದರಲ್ಲೂ ಸುಮಾರು 9,700 ಅಕ್ಷರ. ಎರಡೂ ಬುಡದ ಹತ್ತಿರ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಜೋಡಿಯಾಗಿ ಕೂತಿರುತ್ತವೆ. ವೈರಸ್ ನಮ್ಮ ಸಿಡಿ4 ಜೀವಕೋಶಕ್ಕೆ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಕ್ಕೆ, ನುಗ್ಗಿದ ಮೇಲೆ ಈ ಆರ್‌ಎನ್‌ಎಯನ್ನು ನೋಡಿಕೊಂಡು ಒಂದು ಡಿಎನ್‌ಎ ಬರೆಯಬೇಕು. ಆ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎ ಒಳಗೆ ಸೇರಿಕೊಳ್ಳುತ್ತದೆ. ಬರೆಯುವ ಕೆಲಸ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನುವ ಕಿಣ್ವದ್ದು. 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದದ್ದು ಇದನ್ನೇ. 1975ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಗ ಎಚ್‌ಐವಿ ಅನ್ನುವ ಹೆಸರೇ ಇರಲಿಲ್ಲ.

ಈ ಕಿಣ್ವವನ್ನು ಹಳೆ ಕಾಲದ ಒಬ್ಬ ಲಿಪಿಕಾರ ಅಂದುಕೊಳ್ಳಿ. ಅವನ ಮುಂದೆ ಒಂದೇ ಕಾವ್ಯದ ಎರಡು ತಾಳೆಗರಿ ಕಟ್ಟುಗಳಿವೆ. ಒಂದನ್ನು ನೋಡಿ ಹೊಸ ಗರಿಯಲ್ಲಿ ಬರೆಯುತ್ತಾ ಹೋಗುತ್ತಾನೆ. ನಡುವೆ ಹುಳ ತಿಂದ ತೂತು ಸಿಗುತ್ತದೆ, ಓಲೆ ಮುರಿದಿರುತ್ತದೆ. ಬರೆಯುವುದನ್ನು ನಿಲ್ಲಿಸುವ ಹಾಗಿಲ್ಲ. ಪಕ್ಕದ ಕಟ್ಟಿನಲ್ಲಿ ಅದೇ ಸಾಲು ಹುಡುಕಿ ಅಲ್ಲಿಂದ ಮುಂದುವರಿಸುತ್ತಾನೆ. ಇನ್ನೊಂದು ಕಡೆ ಇದು ಸವೆದಿದ್ದರೆ ಮತ್ತೆ ಮೊದಲನೆಯದಕ್ಕೆ ಬರುತ್ತಾನೆ. ಕೊನೆಗೆ ತಯಾರಾದ ಹೊಸ ಕಟ್ಟು ಒಂದೇ, ಆದರೆ ಅದರಲ್ಲಿ ಎರಡೂ ಕಟ್ಟುಗಳ ಸಾಲುಗಳಿರುತ್ತವೆ.

ಎಚ್‌ಐವಿಯ ಲಿಪಿಕಾರನಿಗೆ ಇನ್ನೂ ಒಂದು ಅಭ್ಯಾಸ ಇದೆ. ಬರೆದು ಮುಗಿಸಿದ ಮೂಲವನ್ನು ಹಿಂದಿನಿಂದ ತಾನೇ ತುಂಡು ಮಾಡುತ್ತಾ ಬರುತ್ತಾನೆ. ಆ ಕಿಣ್ವದ ಒಂದು ತುದಿ ಬರೆಯುತ್ತದೆ, ಇನ್ನೊಂದು ತುದಿ ಓದಿ ಮುಗಿದ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಹಾಗಾಗಿ ಹೊಸದಾಗಿ ಬರೆದ ಎಳೆ ಹಳೆಯದರಿಂದ ಸುಲಭವಾಗಿ ಬಿಡಿಸಿಕೊಂಡು ಪಕ್ಕದ ಪ್ರತಿಗೆ ಅಂಟಿಕೊಳ್ಳಬಲ್ಲದು. ನೆಗೆಯುವುದು ಇದಕ್ಕೆ ಅಪರೂಪದ ಘಟನೆ ಅಲ್ಲ. ನಕಲು ಮುಗಿಯಬೇಕಾದರೆ ಎಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೆಗೆಯಲೇಬೇಕಾದ ಹಂತಗಳೇ ಇದರಲ್ಲಿವೆ. ಅದೇ ಚಾಳಿ ನಡುವೆಯೂ ನಡೆಯುತ್ತದೆ.

ಎಷ್ಟು ಸಲ? ಜೀವಕೋಶದ ಬಗೆ ನೋಡಿ ಲೆಕ್ಕ ಬದಲಾಗುತ್ತದೆ. ಒಂದು ನಕಲು ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ ಮೂರರಿಂದ ಹತ್ತು ನೆಗೆತ. ಕೆಲವು ಬಗೆಯ ಕೋಶಗಳಲ್ಲಿ ಅದಕ್ಕಿಂತ ಜಾಸ್ತಿ. ಈ ಲಿಪಿಕಾರನಿಗೆ ತಿದ್ದುವ ಅಭ್ಯಾಸ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದೂ ನಿಜ. ಆದರೆ ಅವನ ಅಕ್ಷರ ತಪ್ಪು ಸುಮಾರು ಮೂರು ನಕಲಿಗೆ ಒಂದು. ಅಂದರೆ ತಪ್ಪಿಗಿಂತ ನೆಗೆತವೇ ಕಡಿಮೆ ಅಂದರೂ ಸುಮಾರು ಹತ್ತು ಪಟ್ಟು ಹೆಚ್ಚು. 'ಎಚ್‌ಐವಿ ವೇಗವಾಗಿ ಬದಲಾಗುತ್ತದೆ' ಅಂದಾಗ ಜನ ತಪ್ಪಿನ ಬಗ್ಗೆ ಮಾತಾಡುತ್ತಾರೆ, ನೆಗೆತವನ್ನು ಮರೆಯುತ್ತಾರೆ. ತಪ್ಪು ಹೊಸ ಅಕ್ಷರ ತರುತ್ತದೆ. ಬೇರೆ ಬೇರೆ ಕಡೆ ಹುಟ್ಟಿದ ಹೊಸ ಅಕ್ಷರಗಳನ್ನು ಒಂದೇ ಕಟ್ಟಿಗೆ ತರುವುದು ನೆಗೆತ.

ಇನ್ನು ನಿಮ್ಮ ಭಯದ ವಿಷಯ. ಇಲ್ಲಿ ಒಂದು ಹೆಜ್ಜೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಎರಡು ವೈರಸ್ ಒಂದೇ ದೇಹದಲ್ಲಿದ್ದ ಮಾತ್ರಕ್ಕೆ ಬೆರೆಯುವುದಿಲ್ಲ. ಮೊದಲು ಎರಡೂ ಒಂದೇ ಜೀವಕೋಶಕ್ಕೆ ನುಗ್ಗಬೇಕು. ಆ ಕೋಶದಿಂದ ಹೊರಬರುವ ಹೊಸ ಕಣಗಳಲ್ಲಿ ಕೆಲವಕ್ಕೆ ಇದರದ್ದೊಂದು ಪ್ರತಿ, ಅದರದ್ದೊಂದು ಪ್ರತಿ ಸಿಗಬೇಕು. ಅಲ್ಲಿಯವರೆಗೂ ಬೆರಕೆ ಇಲ್ಲ, ಒಂದೇ ಚೀಲದಲ್ಲಿ ಎರಡು ಕಟ್ಟು ಇವೆ ಅಷ್ಟೇ. ಆ ಚೀಲ ಮತ್ತೊಂದು ಹೊಸ ಕೋಶಕ್ಕೆ ಹೋಗಬೇಕು. ಅಲ್ಲಿ ಲಿಪಿಕಾರ ಕೂತು ಬರೆಯುವಾಗ ಬೆರಕೆ ಹುಟ್ಟುತ್ತದೆ. ಅಂದರೆ ಎರಡು ಸುತ್ತು ಬೇಕು. ಎರಡೂ ಸುತ್ತಿನಲ್ಲಿ ವೈರಸ್ ಚುರುಕಾಗಿ ಬೆಳೆಯುತ್ತಿರಬೇಕು.

ಎರಡು ಪ್ರತಿಯೂ ಒಂದೇ ಥರ ಇದ್ದರೆ ಎಷ್ಟು ಸಲ ನೆಗೆದರೂ ಹೊಸದೇನೂ ಹುಟ್ಟುವುದಿಲ್ಲ. ನೆಗೆತ ಆದದ್ದೂ ಗೊತ್ತಾಗುವುದಿಲ್ಲ. ಗಂಡನಿಂದ ಹೆಂಡತಿಗೋ ಹೆಂಡತಿಯಿಂದ ಗಂಡನಿಗೋ ಸೋಂಕು ಬಂದಿದ್ದರೆ ಇಬ್ಬರ ವೈರಸ್ಸೂ ಹತ್ತಿರದ ಬಂಧುಗಳು. 'ಇಬ್ಬರ ವೈರಸ್ ಬೆರೆತು' ಅನ್ನುವಾಗ ಈ ಮಾತನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ಈಗ ನಿಮ್ಮ ಮಾತ್ರೆ ನೋಡೋಣ. ನಮ್ಮ ಸರ್ಕಾರಿ ಎಆರ್‌ಟಿ ಸೆಂಟರುಗಳಲ್ಲಿ ದೊಡ್ಡವರಿಗೆ ಹೆಚ್ಚಾಗಿ ಕೊಡುವುದು ಟಿಎಲ್‌ಡಿ. ದಿನಕ್ಕೊಂದೇ ಮಾತ್ರೆ, ಅದರಲ್ಲಿ ಮೂರು ಔಷಧಿ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಇವೆರಡೂ ಅದೇ ಲಿಪಿಕಾರನ ಕೈ ಹಿಡಿಯುತ್ತವೆ. ಅವು ನಿಜವಾದ ಅಕ್ಷರದ ಹಾಗೇ ಕಾಣುವ ಸುಳ್ಳು ಅಕ್ಷರಗಳು. ಬರವಣಿಗೆಯಲ್ಲಿ ಒಮ್ಮೆ ಸೇರಿದರೆ ಮುಂದಿನ ಅಕ್ಷರ ಕೂರುವುದಕ್ಕೆ ಕೊಂಡಿಯೇ ಇರುವುದಿಲ್ಲ. ಬರಹ ಅಲ್ಲೇ ನಿಲ್ಲುತ್ತದೆ. ತಪ್ಪಿಸಿಕೊಂಡು ಯಾವುದಾದರೂ ನಕಲು ಪೂರ್ತಿಯಾದರೆ, ಅದು ನಮ್ಮ ಡಿಎನ್‌ಎಗೆ ಸೇರದಂತೆ ಮೂರನೆಯದಾದ ಡೊಲುಟೆಗ್ರಾವಿರ್ ತಡೆಯುತ್ತದೆ. ನೆಗೆಯುವ ಕೈಯನ್ನೇ ನಿಮ್ಮ ಮಾತ್ರೆ ಹಿಡಿದು ನಿಲ್ಲಿಸಿದೆ. ಬರೆಯದಿದ್ದರೆ ಬೆರಕೆ ಎಲ್ಲಿಂದ ಬರಬೇಕು?

ಮಾತ್ರೆ ತಗೊಳ್ಳುವವರ ದೇಹದಲ್ಲೂ ವೈರಸ್ ಪೂರ್ತಿ ಹೋಗಿರುವುದಿಲ್ಲ. ಕೆಲವು ಜೀವಕೋಶಗಳ ಡಿಎನ್‌ಎ ಒಳಗೆ ಮಲಗಿರುತ್ತದೆ. ಮಲಗಿದ್ದದ್ದು ಬರೆಯುವುದಿಲ್ಲ, ಬೆರೆಯುವುದೂ ಇಲ್ಲ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎದ್ದು ಕೂರುತ್ತದೆ. ಆಗ ಮತ್ತೆ ಬರವಣಿಗೆ ಶುರು.

ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ವಿಚಾರಕ್ಕೂ ಇದೇ ಮಾತು. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ಯುರೋಪಿನಲ್ಲಿ ವರ್ಷಗಟ್ಟಲೆ ಗಮನಿಸಿದ ಪಾರ್ಟ್‌ನರ್ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು, ಎರಡನೇ ಭಾಗ 2019ರಲ್ಲಿ. ಕಾಂಡೋಮ್ ಇಲ್ಲದೆ ಒಂದು ಲಕ್ಷಕ್ಕೂ ಹೆಚ್ಚು ಸಲ ಕೂಡಿದ್ದ ಲೆಕ್ಕ ಅಲ್ಲಿದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಕಾಣದಷ್ಟು ಕಡಿಮೆ ಇದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ದಾಟಲಿಲ್ಲ. ಸೋಂಕೇ ಇಲ್ಲದವರಿಗೆ ದಾಟದ ವೈರಸ್ ನಿಮ್ಮ ಹೆಂಡತಿಗೆ ಎರಡನೇ ಸಲ ದಾಟಿ, ಆಮೇಲೆ ಎರಡು ಸುತ್ತು ಬೆಳೆದು ಬೆರೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಹಾಗಂತ ಆ ಸಲಹೆ ಎಲ್ಲರಿಗೂ ಸುಳ್ಳಲ್ಲ. ಮಾತ್ರೆ ಶುರು ಮಾಡದವರು, ಬಿಟ್ಟುಬಿಟ್ಟವರು, ವೈರಲ್ ಲೋಡ್ ಎಷ್ಟಿದೆ ಅಂತ ಗೊತ್ತಿಲ್ಲದವರು ಕಾಂಡೋಮ್ ಬಳಸಲೇಬೇಕು. ಒಂದು ಸಲ ಎಚ್‌ಐವಿ ಬಂದವರಿಗೆ ಬೇರೆ ಎಚ್‌ಐವಿ ಮತ್ತೆ ಬರಬಹುದು. ಅದು 2002ರಲ್ಲೇ ದಾಖಲಾಗಿದೆ. ಬೇರೆ ಲೈಂಗಿಕ ರೋಗಗಳಿಗೂ, ಬೇಡದ ಗರ್ಭಕ್ಕೂ ಕಾಂಡೋಮ್ ಬೇಕು. ಹೇಳಿದ ಸಲಹೆ ಸರಿ. ನಿಮಗೆ ಹೇಳಿದ ಕಾರಣ ಮಾತ್ರ ನಿಮ್ಮ ಪರಿಸ್ಥಿತಿಗೆ ಹೊಂದುವುದಿಲ್ಲ, ಸುಮ್ನೆ ಹೆದರಿಸಿದ ಹಾಗಾಯಿತು. ಆರು ವರ್ಷ ಬಿಡದೆ ಮಾತ್ರೆ ನುಂಗಿದವರಿಗೆ ಅದು ಆಗಬಾರದಿತ್ತು.

ಈಗ ಮಗಳ ಪ್ರಶ್ನೆ. ಇ ಎಲ್ಲಿ ಹೋಯಿತು?

1990ರ ದಶಕದ ಶುರುವಿನಲ್ಲಿ ಥಾಯ್ಲೆಂಡ್‌ನಲ್ಲಿ ಜೋರಾಗಿ ಹರಡುತ್ತಿದ್ದ ಎಚ್‌ಐವಿಗೆ ಇ ಅಂತ ಹೆಸರಿಟ್ಟಿದ್ದರು. ಆಗ ಪೂರ್ತಿ 9,700 ಅಕ್ಷರ ಓದುವುದು ದುಬಾರಿ, ನಿಧಾನ. ವೈರಸ್‌ನ ಹೊರಕವಚ ಕಟ್ಟುವ ಎನ್ವ್ ಜೀನನ್ನು ಓದಿ, ಇದು ಬೇರೆಯೇ ಬಗೆ ಅಂದರು. ಆಮೇಲೆ ಪೂರ್ತಿ ಓದಿದಾಗ ಒಳಗಿನ ಜೀನುಗಳು ಎ ಬಗೆಯವು ಅಂತ ಗೊತ್ತಾಯಿತು. ಹೊರಕವಚ ಮಾತ್ರ ಇ. ಶುದ್ಧ ಇ ಅನ್ನುವ ವೈರಸ್ ಪ್ರಪಂಚದಲ್ಲಿ ಎಲ್ಲೂ ಸಿಕ್ಕಿಲ್ಲ. ಹಾಗಾಗಿ ಅದನ್ನು ಬೆರಕೆ ವೈರಸ್‌ಗಳ ಪಟ್ಟಿಯಲ್ಲಿ ಮೊದಲನೆಯದು ಮಾಡಿ 01_ಎಇ ಅಂತ ಕರೆದರು. ಐ ಅಕ್ಷರದ ಕಥೆಯೂ ಇಂಥದ್ದೇ. ಸೈಪ್ರಸ್‌ನಲ್ಲಿ ಸಿಕ್ಕ ವೈರಸ್‌ಗೆ ಐ ಅಂದಿದ್ದರು, ಪೂರ್ತಿ ಓದಿದರೆ ಹಲವು ಬಗೆಗಳ ತುಣುಕು ಸೇರಿದ ಕೌದಿ. ಈಗ ಅದು 04. ಆ ಎರಡು ಅಕ್ಷರ ಪಟ್ಟಿಯಿಂದ ಹೊರಬಿದ್ದವು. ಕೊನೆಯದಾಗಿ ಸೇರಿದ್ದು ಎಲ್, 2019ರಲ್ಲಿ.

ಬೆರಕೆ ವೈರಸ್‌ಗೆ ಹೀಗೆ ನಂಬರ್ ಸಿಗಬೇಕಾದರೆ ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಕನಿಷ್ಠ ಮೂರು ಜನರಲ್ಲಿ ಅದು ಸಿಗಬೇಕು. ಒಬ್ಬರ ದೇಹದಲ್ಲಿ ಹುಟ್ಟಿ ಅಲ್ಲೇ ಉಳಿದರೆ ನಂಬರ್ ಇಲ್ಲ. ಇಷ್ಟು ಬಿಗಿ ನಿಯಮ ಇದ್ದರೂ ಪಟ್ಟಿ ಈಗ ನೂರು ದಾಟಿದೆ. ಕೆಲವು ಸಣ್ಣ ಗುಂಪಿನಲ್ಲೇ ಉಳಿದಿವೆ. ಕೆಲವು ದೇಶಗಳನ್ನೇ ಆವರಿಸಿವೆ. ಪಶ್ಚಿಮ ಆಫ್ರಿಕಾದಲ್ಲಿ 02_ಎಜಿ ಜಾಸ್ತಿ. ಚೀನಾದಲ್ಲಿ 07_ಬಿಸಿ, 08_ಬಿಸಿ ಇವೆ. ಇವೆರಡರಲ್ಲಿ ನಮಗೆ ಸಂಬಂಧ ಇರುವ ಸಂಗತಿ ಒಂದಿದೆ: ಅವುಗಳ ಸಿ ಭಾಗ ಭಾರತದ ಸಿ ವೈರಸ್‌ಗೆ ಹತ್ತಿರದ್ದು, ಬಿ ಭಾಗ ಥಾಯ್ಲೆಂಡಿನದು. ಹೆರಾಯಿನ್ ಸಾಗುತ್ತಿದ್ದ ದಾರಿಯಲ್ಲೇ ಸೂಜಿಯಿಂದ ಸೂಜಿಗೆ ಎರಡೂ ಸಾಗಿ, ಯುನ್ನಾನ್ ಕಡೆ ಬೆರೆತವು.

ನಮ್ಮ ದೇಶದಲ್ಲಿ ಸೋಂಕಿನ ಬಹುಪಾಲು ಸಿ. ಪ್ರಪಂಚದಲ್ಲೂ ಹೆಚ್ಚುಕಡಿಮೆ ಅರ್ಧ ಅದೇ. ಪುಣೆಯಲ್ಲಿ ಹೊಸದಾಗಿ ಸೋಂಕು ತಗುಲಿದವರ ವೈರಸ್ಸನ್ನು ಪೂರ್ತಿ ಓದಿ ಕವಿತಾ ಲೋಲೆ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದರು. ಹೆಚ್ಚಿನವು ಸಿ, ಒಂದರಲ್ಲಿ ಎ ಮತ್ತು ಸಿ ಬೆರೆತಿತ್ತು. ಆ ಪ್ರಬಂಧದಿಂದ ಸಿಮ್‌ಪ್ಲಾಟ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಹೆಸರಾಯಿತು. ಎಚ್‌ಐವಿಗೆ ಮಾತ್ರ ಅಲ್ಲ, ಬೇರೆ ಬೇರೆ ವೈರಸ್‌ಗಳ ಬೆರಕೆ ಹುಡುಕುವವರು ಇವತ್ತಿಗೂ ಅದನ್ನು ಬಳಸುತ್ತಾರೆ.

ಅದು ತೆರೆಯ ಮೇಲೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಎಡದಿಂದ ಬಲಕ್ಕೆ ವೈರಸ್‌ನ 9,700 ಅಕ್ಷರ. ಕೆಲವು ನೂರು ಅಕ್ಷರದ ಒಂದು ಕಿಟಕಿ ನಿಧಾನವಾಗಿ ಸರಿಯುತ್ತಾ ಹೋಗುತ್ತದೆ. ಪ್ರತಿ ಹೆಜ್ಜೆಯಲ್ಲೂ, ಇದು ಎ ಥರ ಎಷ್ಟು, ಬಿ ಥರ ಎಷ್ಟು, ಸಿ ಥರ ಎಷ್ಟು ಅಂತ ಗೆರೆ ಎಳೆಯುತ್ತದೆ. ಶುದ್ಧ ಸಿ ಆದರೆ ಸಿ ಗೆರೆ ಮೇಲೇ ಉಳಿಯುತ್ತದೆ, ಉಳಿದವು ಕೆಳಗೆ. ಬೆರಕೆ ಆಗಿದ್ದರೆ, ಹೋಗ್ತಾ ಹೋಗ್ತಾ ಒಂದು ಕಡೆ ಸಿ ಗೆರೆ ಧಡಕ್ಕನೆ ಕುಸಿದು ಎ ಗೆರೆ ಮೇಲೇಳುತ್ತದೆ. ಗೆರೆಗಳು ಕತ್ತರಿಯಾಗುವ ಆ ಜಾಗವೇ ಲಿಪಿಕಾರ ನೆಗೆದ ಜಾಗ. ಎಂದೋ, ಯಾರದೋ ದೇಹದ ಒಂದು ಜೀವಕೋಶದಲ್ಲಿ ಒಂದು ಕ್ಷಣ ನಡೆದದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಹಳಗನ್ನಡ ಕಾವ್ಯದ ಓಲೆಗಳಲ್ಲಿ ಪಾಠಾಂತರ ಹಿಡಿದು, ಈ ಲಿಪಿಕಾರ ಇಲ್ಲಿವರೆಗೆ ಆ ಮೂಲ ನೋಡಿದ, ಇಲ್ಲಿಂದ ಬೇರೆ ಮೂಲ ನೋಡಿದ ಅಂತ ಹೇಳುವ ಸಂಪಾದಕರ ಕೆಲಸವೂ ಇದೇ ಅಲ್ವಾ?

ಸಿ ಜೊತೆ ಸಿ ಬೆರೆತರೆ ಮಾತ್ರ ಈ ಗೆರೆಗಳು ಸುಲಭಕ್ಕೆ ಏನೂ ಹೇಳುವುದಿಲ್ಲ. ಎರಡೂ ಸಿ ಆದ್ದರಿಂದ ಸಿ ಗೆರೆ ಮೇಲೇ ಇರುತ್ತದೆ. ಬೆಂಗಳೂರಿನಲ್ಲಿ ಬಹುತೇಕ ಎಲ್ಲವೂ ಸಿ, ಹಾಗಾಗಿ ಇಲ್ಲಿ ಬೆರಕೆಯೇ ಇಲ್ಲ ಅಂತ ಅನ್ನಿಸಬಹುದು. ನಡೆಯುತ್ತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಅದಕ್ಕಿಂತ ಮುಖ್ಯವಾದ ಬೆರಕೆ ಇನ್ನೊಂದಿದೆ. ಅದಕ್ಕೆ ಎರಡನೇ ಸೋಂಕೇ ಬೇಡ. ಮಾತ್ರೆ ತಗೊಳ್ಳದವರ ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಹುಟ್ಟುತ್ತವೆ. ಮೂರು ನಕಲಿಗೊಂದು ತಪ್ಪು ಅಂದೆನಲ್ಲ. ಹಾಗಾದರೆ ಕೆಲವು ವರ್ಷಗಳಲ್ಲಿ ಒಂದೇ ಸೋಂಕಿನಿಂದ ಹುಟ್ಟಿದ ವೈರಸ್‌ಗಳೇ ಒಂದಕ್ಕೊಂದು ಬೇರೆ ಆಗಿರುತ್ತವೆ. ಈ ದಾಯಾದಿಗಳು ತಮ್ಮತಮ್ಮಲ್ಲೇ ಬೆರೆಯುತ್ತವೆ. ಒಂದರಲ್ಲಿ ಲ್ಯಾಮಿವುಡಿನ್‌ಗೆ ಜಗ್ಗದ ಬದಲಾವಣೆ, ಇನ್ನೊಂದರಲ್ಲಿ ಬೇರೆ ಔಷಧಿಗೆ ಜಗ್ಗದ ಬದಲಾವಣೆ ಇದ್ದರೆ, ಲಿಪಿಕಾರ ಒಂದು ನೆಗೆತದಲ್ಲಿ ಎರಡನ್ನೂ ಒಂದೇ ವೈರಸ್‌ಗೆ ತರಬಲ್ಲ. ಬಿಟ್ಟೂ ಬಿಟ್ಟೂ ಮಾತ್ರೆ ತಗೊಳ್ಳುವುದು ಅಪಾಯ ಅನ್ನುವುದು ಇದಕ್ಕೇ. ವೈರಸ್ ಬರೆಯುತ್ತಲೂ ಇರುತ್ತದೆ, ಔಷಧಿ ಅರ್ಧಂಬರ್ಧ ಇದ್ದು, ಅದಕ್ಕೆ ಜಗ್ಗದ್ದನ್ನೇ ಆರಿಸಿ ಉಳಿಸುತ್ತದೆ.

ಅದೇ ನೆಗೆತ ಜೋಡಿಯಾಗಿದ್ದ ಎರಡು ಬದಲಾವಣೆಗಳನ್ನು ಬೇರೆ ಬೇರೆ ಮಾಡಲೂಬಹುದು. ಕೂಡಿಸುವ ಕೈಯೇ ಕಳಚುತ್ತದೆ. ಹಾಗಾದರೆ ಒಟ್ಟಾರೆ ಬೆರಕೆಯಿಂದ ವೈರಸ್‌ಗೆ ಲಾಭವೋ ನಷ್ಟವೋ? ಇದನ್ನು ಲೆಕ್ಕ ಹಾಕಿದವರಲ್ಲಿ ನಮ್ಮ ಊರಿನವರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ, ನರೇಂದ್ರ ದೀಕ್ಷಿತ್ ಮತ್ತು ಜೊತೆಗಾರರು ಒಬ್ಬ ರೋಗಿಯ ದೇಹದಲ್ಲಿ ನಡೆಯುವುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶ ನನಗೆ ಬಹಳ ಇಷ್ಟ. ಬೆರಕೆಯಿಂದ ವೈರಸ್‌ನ ತಾಕತ್ತು ಹೆಚ್ಚುತ್ತದೆ. ಆದರೆ ವೈವಿಧ್ಯ ಹೆಚ್ಚಲೇಬೇಕು ಅಂತಿಲ್ಲ. ಮುಂದಿನ ಪೀಳಿಗೆಗೆ ನಿಜವಾಗಿ ಪಾಲು ಕೊಡುವ ವೈರಸ್‌ಗಳ ಸಂಖ್ಯೆ ಸಣ್ಣದಿದ್ದರೆ ಬೆರಕೆ ವೈವಿಧ್ಯವನ್ನೂ ಹೆಚ್ಚಿಸುತ್ತದೆ. ದೊಡ್ಡದಿದ್ದರೆ ತಾಕತ್ತು ಹೆಚ್ಚಿ ವೈವಿಧ್ಯ ಕಡಿಮೆಯಾಗುತ್ತದೆ. 'ಬೆರಕೆ ಅಂದರೆ ವೈವಿಧ್ಯ' ಅಂತ ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಮಗಳು ಇದನ್ನು ತನ್ನ ಮೇಷ್ಟ್ರ ಹತ್ತಿರ ಎತ್ತಲಿ.

ಒಂದು ಕೋಶಕ್ಕೆ ಎರಡು ವೈರಸ್ ನುಗ್ಗುವುದು ಎಷ್ಟು ಸಾಮಾನ್ಯ ಅನ್ನುವುದರ ಮೇಲೂ ಈ ಲೆಕ್ಕ ನಿಂತಿದೆ. 2002ರಲ್ಲಿ ಗುಲ್ಮದ ಕೋಶಗಳನ್ನು ನೋಡಿದವರು ಒಂದೊಂದರಲ್ಲೂ ಸರಾಸರಿ ಮೂರು ನಾಲ್ಕು ವೈರಸ್ ಇವೆ ಅಂದರು. 2011ರಲ್ಲಿ ರಕ್ತದ ಕೋಶಗಳನ್ನು ನೋಡಿದವರು ಹೆಚ್ಚಿನವುಗಳಲ್ಲಿ ಒಂದೇ ಇದೆ ಅಂದರು. ಕೋಶಗಳು ಒತ್ತೊತ್ತಾಗಿ ಇರುವ ಗುಲ್ಮದಂಥ ಜಾಗಕ್ಕೂ ಹರಿಯುವ ರಕ್ತಕ್ಕೂ ವ್ಯತ್ಯಾಸ ಇರಬಹುದು ಅನ್ನುವುದು ನನ್ನ ಅನಿಸಿಕೆ.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ನಮ್ಮ ಸಿ ವೈರಸ್ಸಿನ ಬೆನ್ನು ಹತ್ತಿದೆ. ವೈರಸ್ಸಿನ ಶುರುವಿನಲ್ಲಿ ಅದನ್ನು ಎಬ್ಬಿಸುವ ಸ್ವಿಚ್ಚಿನಂಥ ತುಣುಕುಗಳಿವೆ. ಬಿ ಬಗೆಯಲ್ಲಿ ಸಾಮಾನ್ಯವಾಗಿ ಎರಡು, ಸಿ ಬಗೆಯಲ್ಲಿ ಮೂರು. ಭಾರತದಲ್ಲಿ ನಾಲ್ಕು ಇರುವ ಸಿ ವೈರಸ್‌ಗಳು ಹೆಚ್ಚುತ್ತಿವೆ ಅಂತ ಆ ತಂಡ ತೋರಿಸಿತು. ಹೀಗೆ ಒಂದೇ ತುಣುಕು ಎರಡೆರಡು ಸಲ ನಕಲಾಗುವುದೂ ಲಿಪಿಕಾರನ ಅದೇ ಚಾಳಿಯಿಂದ ಆಗಬಲ್ಲದು. ಬರೆಯುತ್ತಿದ್ದ ಸಾಲು ತಪ್ಪಿ ಎರಡು ಸಾಲು ಹಿಂದಕ್ಕೆ ಕಣ್ಣು ಹೋದರೆ ಬರೆದದ್ದನ್ನೇ ಮತ್ತೆ ಬರೆಯುತ್ತಾನಲ್ಲ, ಹಾಗೆ.

ಮಗಳಿಗೆ ಇನ್ನೊಂದು ಸಂಗತಿ ಹೇಳಲೇಬೇಕು. ಪ್ರಪಂಚದಲ್ಲೆಲ್ಲ ಹರಡಿರುವ ಎಚ್‌ಐವಿ ಮನುಷ್ಯರಿಗೆ ಬಂದದ್ದು ಚಿಂಪಾಂಜಿಯಿಂದ, ಕ್ಯಾಮರೂನ್‌ನ ಆಗ್ನೇಯ ಮೂಲೆಯ ಕಾಡಿನ ಕಡೆಯಿಂದ. ಹರಡಲು ಶುರುವಾದದ್ದು 1920ರ ಆಸುಪಾಸಿನಲ್ಲಿ ಈಗಿನ ಕಿನ್ಶಾಸಾದಲ್ಲಿ. ಆದರೆ ಚಿಂಪಾಂಜಿಯ ಆ ವೈರಸ್ಸೇ ಒಂದು ಬೆರಕೆ ಅಂತ 2003ರಲ್ಲಿ ತಿಳಿಯಿತು. ಚಿಂಪಾಂಜಿಗಳು ಸಣ್ಣ ಕೋತಿಗಳನ್ನು ಬೇಟೆಯಾಡಿ ತಿನ್ನುತ್ತವೆ. ಕೆಂಪು ಟೋಪಿ ಹಾಕಿದ ಹಾಗಿರುವ ಮ್ಯಾಂಗಬಿ ಕೋತಿಯ ವೈರಸ್, ಮೂಗಿನ ಮೇಲೆ ಬಿಳಿ ಮಚ್ಚೆಯ ಗೆನಾನ್ ಕೋತಿಗಳ ಕಡೆಯ ವೈರಸ್ ಎರಡೂ ಚಿಂಪಾಂಜಿಯೊಳಗೆ ಸೇರಿ, ಬೆರೆತು, ಮೂರನೆಯದಾದವು. ನಮ್ಮ ಎ, ಬಿ, ಸಿ, ಡಿ ಎಲ್ಲದರ ಮೂಲ ಅದು. 'ಶುದ್ಧ' ಬಗೆ ಅಂತ ನಾನು ಮೇಲೆ ಬರೆದದ್ದು ಮಾತಿನ ಅನುಕೂಲಕ್ಕೆ. ಎಚ್‌ಐವಿಯ ವಂಶವನ್ನು ಮರದ ಹಾಗೆ ಬರೆಯುತ್ತೇವೆ, ಆದರೆ ಅದರ ಕೊಂಬೆಗಳು ಮತ್ತೆ ಮತ್ತೆ ಒಂದಕ್ಕೊಂದು ಕೂಡಿಕೊಂಡಿವೆ. ಹತ್ತಿರ ಹೋಗಿ ನೋಡಿದರೆ ಆಲದ ಬಿಳಲುಗಳ ಹಾಗಿದೆ.

ಯಾವ ಬಗೆ ಅಂತ ಪರೀಕ್ಷೆ ಬೇಕಾ? ಬೇಡ. ಸಿ ಆದರೂ ಬೆರಕೆ ಆದರೂ ನಿಮಗೆ ಕೊಡುವ ಮಾತ್ರೆ ಅದೇ. ಖಾಸಗಿ ಲ್ಯಾಬಿನಲ್ಲಿ ದುಡ್ಡು ಸುರಿಯಬೇಡಿ. ಔಷಧಿ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ, ಯಾವ ಔಷಧಿಗೆ ವೈರಸ್ ಜಗ್ಗುತ್ತಿಲ್ಲ ಅಂತ ನೋಡುವ ಬೇರೆ ಪರೀಕ್ಷೆ ಇದೆ. ಅದನ್ನು ಡಾಕ್ಟರ್ ಹೇಳಿದರೆ ಮಾತ್ರ ಮಾಡಿಸಿ.

ನಿಮಗೆ ಬೇಕಾದದ್ದು ವೈರಲ್ ಲೋಡ್. ಅದು ಎಆರ್‌ಟಿ ಸೆಂಟರಿನಲ್ಲೇ ಉಚಿತ, ನಿಮ್ಮ ಥರ ವರ್ಷಗಳಿಂದ ಮಾತ್ರೆಯಲ್ಲಿ ಇರುವವರಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಇಬ್ಬರದ್ದೂ ಕೊನೆಯ ಸಲ ಯಾವಾಗ ಆಯಿತು, ಎಷ್ಟು ಬಂತು ಅಂತ ನಿಮ್ಮ ಎಆರ್‌ಟಿ ಕಾರ್ಡಿನಲ್ಲಿ ನೋಡಿ. ಬರೆದಿಲ್ಲದಿದ್ದರೆ ಮುಂದಿನ ಸಲ ಮಾತ್ರೆಗೆ ಹೋದಾಗ ಕೌಂಟರಿನಲ್ಲಿ ಕೇಳಿ, ಹಿಂಜರಿಯಬೇಡಿ. ಹೋಗುವುದಕ್ಕೆ ಮೊದಲು ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಬಹುದು, ಅದಕ್ಕೆ ದುಡ್ಡಿಲ್ಲ. ಇಬ್ಬರದ್ದೂ ಕಾಣದಷ್ಟು ಕಡಿಮೆ ಬಂದಿದ್ದರೆ, ಬೇರೆ ಲೈಂಗಿಕ ರೋಗದ ಭಯವೂ ಇಲ್ಲದಿದ್ದರೆ, ಕಾಂಡೋಮ್ ಬೇಕೋ ಬೇಡವೋ ಅನ್ನುವುದು ನೀವು ಗಂಡ ಹೆಂಡತಿ ಕೂತು ಮಾತಾಡಿಕೊಳ್ಳುವ ವಿಷಯ.